ಚಡಾವು ಏರುವ ಜೀಪಿನ ಟರ್ಬೊ ಒತ್ತಡ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಭಾಗದಲ್ಲಿರುವ ನಮ್ಮ ತೋಟದಿಂದ ಡಾಮರು ರಸ್ತೆಗೆ ಹೋಗುವ ದಾರಿಯನ್ನು ಮುರಕಲ್ಲಿನ ಗುಡ್ಡೆ ಕಡಿದು ಮಾಡಲಾಗಿದೆ. ಮಳೆಗಾಲದಲ್ಲಿ ಅಡಿಕೆ ಮೂಟೆ ಹೇರಿಕೊಂಡು ಆ ಚಡಾವು ಏರಬೇಕಾದರೆ ನಾಲ್ಕೂ ಚಕ್ರ ತಿರುಗುವ ಗಾಡಿಯೇ ಬೇಕು. ಈ ಕಾರಣಕ್ಕೆ ಎರಡೂವರೆ ಲೀಟರ್ ಎಂಜಿನ್ನಿನ, ಇಂಟರ್‌ಕೂಲರ್ ಇರುವ ಹಳೆಯ ಟರ್ಬೊ ಡೀಸೆಲ್ ಜೀಪೊಂದನ್ನು ಕೊಂಡೆ. ಟರ್ಬೊ ಎಂದರೆ ಹೊರಹೋಗುವ ಅನಿಲದ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ; ಹಾಗೆ ಒತ್ತಿದಾಗ ಬಿಸಿಯಾದ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಜೀಪಿನದ್ದು ಕಂಪ್ಯೂಟರ್ ಇಲ್ಲದ, ಪೂರ್ತಿ ಮೆಕ್ಯಾನಿಕಲ್ ಆದ ಡೀಸೆಲ್ ಪಂಪು. ಕಂಪ್ಯೂಟರಿನ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಟರ್ಬೊ ಒತ್ತಡವನ್ನು ಕಂಪ್ಯೂಟರೇ ಅಳೆದು ನಿಯಂತ್ರಿಸುವುದರಿಂದ ನಾನು ಇಲ್ಲಿ ಹೇಳುವ ಕ್ರಮವನ್ನು ಅವುಗಳ ಮೇಲೆ ಪ್ರಯೋಗಿಸಬಾರದು.

ಕೊಂಡಾಗಲೇ ಜೀಪು ಚಡಾವಿನಲ್ಲಿ ಕಪ್ಪು ಹೊಗೆ ಉಗುಳುತ್ತಿತ್ತು, ಎಳೆತವೂ ಸಾಲದಾಗಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಟ್ಟರು. ಎಳೆತ ಸ್ವಲ್ಪ ಬಂತು, ಆದರೆ ಹೊಗೆ ಇಮ್ಮಡಿಯಾಯಿತು, ಮಡಿಕೇರಿ ದಾರಿಯ ಸಂಪಾಜೆ ಘಾಟಿ ಏರುವಾಗ ಎಂಜಿನ್ ಕಾಯತೊಡಗಿತು. ಮುಳ್ಳೇರಿಯ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಬಾನೆಟ್ ಎತ್ತಿ ನೋಡಿ, "ಭಟ್ರೇ, ಗಾಳಿಯೇ ಸಾಲದಿರುವಾಗ ಡೀಸೆಲ್ ಕುಡಿಸಿದರೆ ಏನು ಪ್ರಯೋಜನ? ಮೊದಲು ಗೇಜ್ ಹಾಕಿಸಿ" ಎಂದರು. ಮುಂದೆ ನಾನು ಮಾಡಿದ ಕೆಲಸಕ್ಕೆಲ್ಲ ಆ ಮಾತೇ ಬುನಾದಿ.

ಗಾಳಿಯ ಒತ್ತಡ ಹೆಚ್ಚಾದರೆ ಪೆಟ್ರೋಲ್ ಎಂಜಿನ್ನಿಗೆ ಇರುವ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಬಡಿಯುವುದು) ಭಯ ಡೀಸೆಲ್ ಎಂಜಿನ್ನಿಗೆ ಇಲ್ಲ. ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗದಿದ್ದಾಗಲೇ ಅಪಾಯ. ಉರಿಯದೆ ಉಳಿದ ಇಂಧನ ಕಪ್ಪು ಹೊಗೆಯಾಗುತ್ತದೆ, ಹೊರಹೋಗುವ ಅನಿಲದ ಉಷ್ಣತೆ ಏರುತ್ತದೆ, ಆ ಉಷ್ಣತೆ ಪಿಸ್ಟನ್ನಿನ ತಲೆಯನ್ನೂ ಟರ್ಬೊ ಚಕ್ರವನ್ನೂ ಸುಡುತ್ತದೆ. ಆದ್ದರಿಂದ ನಾನು ಎರಡು ಮಾಪಕಗಳನ್ನು ಹಾಕಿಸಿದೆ. ಒಂದು, ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿದ, ಬೂಸ್ಟ್ ಅಂದರೆ ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಗೇಜ್. ಇನ್ನೊಂದು, ಉರಿದ ಅನಿಲ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಟರ್ಬೊಗಿಂತ ಮೊದಲು ಕೂತು ಉಷ್ಣತೆ ಅಳೆಯುವ ಥರ್ಮೋಕಪಲ್. ಟರ್ಬೊ ದಾಟಿದ ಮೇಲೆ ಅನಿಲ ನೂರಕ್ಕೂ ಹೆಚ್ಚು ಡಿಗ್ರಿ ತಣಿದಿರುತ್ತದೆ, ಅಲ್ಲಿ ಅಳೆದರೆ ನಿಜ ಗೊತ್ತಾಗುವುದಿಲ್ಲ. ಇದಕ್ಕೆ ತೂತು ಕೊರೆಯುವಾಗ ಮ್ಯಾನಿಫೋಲ್ಡನ್ನು ಕಡ್ಡಾಯವಾಗಿ ಬಿಚ್ಚಿ ಹೊರಗೆ ತೆಗೆಯಬೇಕು. ಗಾಡಿಯ ಮೇಲೆಯೇ ಕೊರೆದರೆ ಕಬ್ಬಿಣದ ಚೂರು ಟರ್ಬೊ ಚಕ್ರಕ್ಕೆ ಹೋಗಿ ಬೀಳುತ್ತದೆ.

ಒತ್ತಡವನ್ನು ನಿಂತಲ್ಲೇ ರೇಸ್ ಮಾಡಿ ಅಳೆಯಲಾಗುವುದಿಲ್ಲ. ಡೀಸೆಲ್ ಉರಿದು ಹೊರಬರುವ ಅನಿಲದ ಶಕ್ತಿಯಿಂದಲೇ ಟರ್ಬೊ ತಿರುಗುವುದರಿಂದ ಎಂಜಿನ್ನಿಗೆ ಭಾರ ಬಿದ್ದಾಗ ಮಾತ್ರ ನಿಜವಾದ ಒತ್ತಡ ಹುಟ್ಟುತ್ತದೆ. ಐದು ಕ್ವಿಂಟಾಲ್ ಅಡಿಕೆ ಹೇರಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒಂದೇ ಚಡಾವಿನಲ್ಲಿ, ಮೂರನೇ ಗೇರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿ ಅಳೆದೆ; ಅಂಕಿಗಳನ್ನು ಬರೆದುಕೊಳ್ಳಲು ತಮ್ಮ ಪಕ್ಕದಲ್ಲಿ ಕುಳಿತಿದ್ದ. ತಯಾರಕರ ಕೈಪಿಡಿಯಲ್ಲಿ 0.9 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು) ಎಂದಿದ್ದರೆ ನಮಗೆ ಸಿಕ್ಕಿದ್ದು 0.5 ಬಾರ್. ಎಕ್ಸಾಸ್ಟಿನ ಉಷ್ಣತೆಯಾದರೋ 760 ಡಿಗ್ರಿ ತಲುಪಿತ್ತು. ದೀರ್ಘ ಚಡಾವಿನಲ್ಲಿ 700 ಡಿಗ್ರಿ ದಾಟಬಾರದೆಂಬುದು ಈ ಕೆಲಸ ಬಲ್ಲವರು ಸಾಮಾನ್ಯವಾಗಿ ಹೇಳುವ ಮಿತಿ.

ಮೊದಲ ಕೆಲಸವಾಗಿ ಡೀಸೆಲ್ ಸ್ಕ್ರೂವನ್ನು ಹಳೆಯ ಗುರುತಿಗೆ ಹಿಂದಕ್ಕೆ ತಂದೆವು. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ಹೋಸುಗಳ ಬಾಯಿ ಮುಚ್ಚಿ, ಕಡಿಮೆ ಒತ್ತಡದ ಗಾಳಿ ತುಂಬಿ, ಮೇಲೆ ಸೋಪಿನ ನೀರು ಸವರಿದೆವು. ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಹೊರಗೆ ಕಾಣದಂತೆ ಬಿರುಕು ಬಿಟ್ಟಿತ್ತು. ಹೋಸು ಬದಲಿಸಿದ್ದೇ ಒತ್ತಡ 0.65 ಬಾರ್‌ಗೆ ಏರಿತು. ಪಂಪಿನ ಮೇಲೆ ಕುಳಿತ ಡಯಾಫ್ರಮ್ ಎಂಬ ತೆಳು ಪರದೆ, ಟರ್ಬೊ ಒತ್ತಡ ಬಂದಂತೆ ಡೀಸೆಲನ್ನು ತಾನಾಗಿ ಹೆಚ್ಚಿಸುವಂತೆ ರಚಿತವಾದದ್ದು. ಅದಕ್ಕೆ ತಲುಪಬೇಕಾದ ಗಾಳಿ ಸೋರಿ ಹೋಗುತ್ತಿದ್ದುದರಿಂದಲೇ ಎಳೆತ ಸತ್ತಿತ್ತು.

ಉಳಿದ ಕೊರತೆ, ಟರ್ಬೊ ಒತ್ತಡ ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟಿನದ್ದು. ಟರ್ಬೊದಿಂದ ಒಂದು ಸಣ್ಣ ಹೋಸು ಆಕ್ಚುಯೇಟರ್ ಎಂಬ ಡಬ್ಬಿಗೆ ಹೋಗುತ್ತದೆ. ಅದರೊಳಗಿನ ಸ್ಪ್ರಿಂಗನ್ನು ಗಾಳಿಯ ಒತ್ತಡ ಮೀರಿದಾಗ ಸರಳು ಮುಂದೆ ಸರಿದು ವೇಸ್ಟ್‌ಗೇಟಿನ ಬಾಗಿಲು ತೆರೆಯುತ್ತದೆ, ಒಂದಿಷ್ಟು ಅನಿಲ ಟರ್ಬೊ ಚಕ್ರವನ್ನು ತಿರುಗಿಸದೆ ಪಕ್ಕದಿಂದಲೇ ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ಬಿಸಿಗೆ ಸಿಕ್ಕಿ ನಮ್ಮ ಜೀಪಿನ ಸ್ಪ್ರಿಂಗ್ ಸೋತಿತ್ತು. ಕೈಪಂಪಿನಿಂದ ಗಾಳಿ ಕೊಟ್ಟು ನೋಡಿದಾಗ 0.3 ಬಾರ್‌ನಲ್ಲೇ ಸರಳು ಅಲುಗಾಡಿತು. ಆಕ್ಚುಯೇಟರ್ ಮಾತ್ರ ಬಿಡಿಯಾಗಿ ನಮಗೆ ಸಿಗಲಿಲ್ಲ, ಇಡೀ ಟರ್ಬೊ ಬದಲಿಸಬೇಕೆಂದರು. ಸರಳನ್ನು ಗಿಡ್ಡ ಮಾಡಿ ಸ್ಪ್ರಿಂಗಿಗೆ ಬಿಗಿತ ಕೊಡುವ ದಾರಿಯೊಂದಿದೆ. ಆದರೆ ಸೋತ ಸ್ಪ್ರಿಂಗನ್ನು ಇನ್ನಷ್ಟು ಎಳೆದು ನಿಲ್ಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಪ್ರಾರಂಭದಲ್ಲಿ ಆ ಸಣ್ಣ ಹೋಸಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಸೂಜಿ ವಾಲ್ವಿನ ಮೂಲಕ ಸ್ವಲ್ಪ ಗಾಳಿ ಹೊರಗೆ ಬಿಟ್ಟೆ. ಹೀಗೆ ಮಾಡಿದರೆ ಆಕ್ಚುಯೇಟರಿಗೆ ಕಡಿಮೆ ಒತ್ತಡ ಕಾಣಿಸಿ ಬೂಸ್ಟ್ ಹೆಚ್ಚುತ್ತದೆ. ಆದರೆ ಬಾಗಿಲು ಮೊದಲಿನಂತೆಯೇ ಬೇಗ ಬಿರಿಯುತ್ತದೆ. ಮೇಲಾಗಿ ನಮ್ಮಲ್ಲಿ ಒಂದು ಗೇರಿನಲ್ಲಿ 0.8, ಇನ್ನೊಂದರಲ್ಲಿ 1.05 ಎಂದು ಅಂಕಿ ಓಲಾಡಿತು. ಎರಡು ವಾರದಲ್ಲಿ ಅದನ್ನು ಕಳಚಿ, ಗುಂಡು ಮತ್ತು ಸ್ಪ್ರಿಂಗ್ ಇರುವ ಹಿತ್ತಾಳೆ ವಾಲ್ವನ್ನು ಲೇತಿನಲ್ಲಿ ಮಾಡಿಸಿ ಅದೇ ಸಣ್ಣ ಹೋಸಿನ ನಡುವೆ ಕೂರಿಸಿದೆ. ಒಳಗಿನ ಸ್ಪ್ರಿಂಗ್ ಉಕ್ಕಿನ ಗುಂಡನ್ನು ತೂತಿಗೆ ಒತ್ತಿ ಹಿಡಿದಿರುತ್ತದೆ. ನಾವು ಸ್ಕ್ರೂ ತಿರುಗಿಸಿ ನಿಗದಿ ಮಾಡಿದ ಒತ್ತಡ ಬರುವ ತನಕ ಆಕ್ಚುಯೇಟರಿಗೆ ಗಾಳಿಯೇ ತಲುಪುವುದಿಲ್ಲ, ಬಾಗಿಲು ಭದ್ರವಾಗಿ ಮುಚ್ಚಿರುತ್ತದೆ, ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. ಗುಂಡು ದಾಟಿದ ಮೇಲೆ, ಅಂದರೆ ಆಕ್ಚುಯೇಟರಿನ ಬದಿಯಲ್ಲಿ, ಒಂದು ಮಿಲಿಮೀಟರಿನ ತೂತು ಇರಲೇಬೇಕು. ಅದಿಲ್ಲದಿದ್ದರೆ ಪೆಡಲಿನಿಂದ ಕಾಲು ತೆಗೆದರೂ ಒಳಗೆ ಸಿಕ್ಕಿದ ಗಾಳಿ ಬಾಗಿಲನ್ನು ತೆರೆದೇ ಇಟ್ಟಿರುತ್ತದೆ. ಆ ತೂತನ್ನು ನಾನು ಕೆಳಮುಖವಾಗಿ ಇರಿಸಿದ್ದೇನೆ, ನಮ್ಮ ಆಷಾಢದ ಮಳೆಯ ನೀರು ಒಳಗೆ ಹೋಗಬಾರದಲ್ಲ.

ಸ್ಕ್ರೂವನ್ನು ಪೂರ್ತಿ ಸಡಿಲಿಸಿ ಆರಂಭಿಸಿ, ಕಾಲು ಸುತ್ತು ಬಿಗಿಮಾಡುವುದು, ಅದೇ ಚಡಾವು ಏರುವುದು, ಗೇಜ್ ಓದುವುದು, ಮತ್ತೆ ಕಾಲು ಸುತ್ತು: ಹೀಗೆ ಒಂದು ಭಾನುವಾರ ಪೂರ್ತಿ ಹೋಯಿತು. 0.9 ಬಾರ್‌ಗೆ ನಿಲ್ಲಿಸಿದೆ. ಒಮ್ಮೆಲೇ ಪೆಡಲ್ ಒತ್ತಿದಾಗ ಮುಳ್ಳು ಕ್ಷಣಕಾಲ 1.0 ಮುಟ್ಟಿ ಹಿಂದೆ ಬರುತ್ತದೆ. ಇನ್ನೂ ಹೆಚ್ಚಿಸಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಒಂದು ಬಾರ್ ಒತ್ತಡಕ್ಕೆ ಹಿಂಡಿದ ಗಾಳಿ, 30 ಡಿಗ್ರಿ ಇದ್ದದ್ದು, ಟರ್ಬೊದಿಂದ ಹೊರಬರುವಾಗ 120 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಅದಕ್ಕೂ ಮೀರಿ ಒತ್ತಿದರೆ ಹಳೆಯ ಇಂಟರ್‌ಕೂಲರಿಗೆ ತಣಿಸಲಾಗದ ಬಿಸಿಯೇ ಹೆಚ್ಚುತ್ತದೆ. ಗಾಡಿಯ ಮೂಲ ವಿವರಗಳನ್ನು ಮಾಲೀಕ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕಿದೆ ಎಂಬುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ತಯಾರಕರು ಹೇಳಿದ ಅಂಕಿಗೆ ಮರಳುವುದಷ್ಟೇ ನನ್ನ ಉದ್ದೇಶವಾಗಿತ್ತು.

ಕೊನೆಯ ಪರೀಕ್ಷೆಗೆ ಆದೂರು, ಜಾಲ್ಸೂರು, ಸುಳ್ಯ ದಾರಿಯಾಗಿ ಸಂಪಾಜೆ ಘಾಟಿ ಏರಿ ಮಡಿಕೇರಿಗೆ ಹೋದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಗಿಂತ ಶೇಕಡಾ 12ರಷ್ಟು ಕಡಿಮೆ. ಗೇಜ್ ಹೊರಗಿನ ಗಾಳಿಗೆ ಹೋಲಿಸಿ ತೋರಿಸುವುದರಿಂದ ಮುಳ್ಳು ಅದೇ 0.9ರಲ್ಲಿ ನಿಂತರೂ, ತೆಳುವಾದ ಗಾಳಿಯಿಂದ ಅಷ್ಟು ಒತ್ತಡ ಹುಟ್ಟಿಸಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ. ಕೆಳಗೆ 1.1ಕ್ಕೋ 1.2ಕ್ಕೋ ಇಟ್ಟು ಬಂದಿದ್ದರೆ ಅಲ್ಲಿ ಅದರ ಬೇರಿಂಗಿಗೆ ಎಷ್ಟು ಹೊರೆ ಬೀಳುತ್ತಿತ್ತೆಂದು ಯೋಚಿಸಿದಾಗ ನನ್ನ ನಿರ್ಧಾರ ಸರಿಯೆನಿಸಿತು. ಘಾಟಿಯುದ್ದಕ್ಕೂ ಉಷ್ಣತೆ 640 ಡಿಗ್ರಿ ದಾಟಲಿಲ್ಲ. ಹಿಂದಿನ ಕನ್ನಡಿಯಲ್ಲಿ ಹೊಗೆ ಕಾಣದೆ ಬರೀ ಕಾಡು ಕಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಈಗ ಪ್ರತಿ ವರ್ಷ ಮಳೆಗೆ ಮೊದಲು ವಾಲ್ವನ್ನು ಬಿಚ್ಚಿ, ಗುಂಡಿಗೆ ಅಂಟಿದ ಎಣ್ಣೆ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸಣ್ಣ ತೂತಿಗೆ ತಂತಿ ಹಾಕಿ ಚೊಕ್ಕ ಮಾಡುತ್ತೇನೆ. ಲಾಕ್ ನಟ್ಟಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿಟ್ಟಿರುವುದರಿಂದ ಸ್ಕ್ರೂ ಕದಲಿದರೆ ಬಾನೆಟ್ ಎತ್ತಿದೊಡನೆ ತಿಳಿಯುತ್ತದೆ.