ಶನಿವಾರದ ಬಟವಾಡೆ, ಏಳನೇ ತಾರೀಖಿನ ಸಂಬಳ

ಹಾಸನದಲ್ಲಿ ನಾನು ಮಾಡುವ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಗಂಡ ಬಿಟ್ಟು ಹೋದ ಹೆಂಗಸರು, ಕುಡಿತ ಬಿಟ್ಟು ಈಗಷ್ಟೇ ಎದ್ದು ನಿಂತವರು, ಸಕಲೇಶಪುರ ಕಡೆಯ ಕಾಫಿ ತೋಟದ ಕೂಲಿ ಲೈನ್ ಮನೆ ಬಿಟ್ಟು ಬಂದವರು, ಇಂಥವರನ್ನು ತಿಂಗಳ ಸಂಬಳದ ಕೆಲಸಕ್ಕೆ ಸೇರಿಸಿ, ಅಲ್ಲಿ ಅವರು ಕಾಲೂರುವ ತನಕ ಜೊತೆಗಿರುವುದು. ನಮ್ಮಮ್ಮ ಕೇಳಿದವರಿಗೆಲ್ಲ "ಕೆಲಸ ಕೊಡಿಸ್ತಾಳೆ" ಅಂತ ಹೇಳಿ ಮುಗಿಸುತ್ತಾರೆ. ಕೊಡಿಸೋದು ಅಷ್ಟೇನೂ ಕಷ್ಟ ಅಲ್ಲ. ಗಾರ್ಮೆಂಟ್ಸ್ ಗೇಟಿನಲ್ಲಿ ಹೆಲ್ಪರ್ ಬೇಕು ಅಂತ ಬೋರ್ಡ್ ಇದ್ದೇ ಇರುತ್ತದೆ. ಹೋಗಿ ಮಾತಾಡಿದರೆ ನಾಳೆಯಿಂದಲೇ ಬನ್ನಿ ಅನ್ನುತ್ತಾರೆ. ಎರಡನೇ ತಿಂಗಳೂ ಅದೇ ಗೇಟಿನೊಳಗೆ ಹೋಗುವಂತೆ ಮಾಡೋದು ಇದೆಯಲ್ಲ, ಕಷ್ಟ ಅಲ್ಲಿದೆ.

ಮೊದಲ ಸಲ ನಾನು ಮಾಡಿದ್ದು ದೊಡ್ಡ ತಪ್ಪು. ಆರು ಜನರನ್ನು ಕೂರಿಸಿಕೊಂಡು ಮೂರು ವಾರ ತರಬೇತಿ ಕೊಟ್ಟೆ. ಸಂದರ್ಶನದಲ್ಲಿ ಹೇಗೆ ಕೂರಬೇಕು, "ಮೈ ನೇಮ್ ಈಸ್" ಅಂತ ಹೇಗೆ ಶುರು ಮಾಡಬೇಕು, ಆತ್ಮವಿಶ್ವಾಸ ಅಂದರೆ ಏನು, ಎಲ್ಲಾ. ಅವರು ತಲೆ ಆಡಿಸಿಕೊಂಡು ಕೇಳಿದರು. ಆ ಮೂರು ವಾರದ ಕೂಲಿ ಅವರಿಗೆ ಯಾರು ಕೊಡುತ್ತಾರೆ ಅನ್ನೋದು ನನ್ನ ತಲೆಗೇ ಬರಲಿಲ್ಲ. ಆರೂ ಜನ ಕೆಲಸಕ್ಕೆ ಸೇರಿದರು. ಎರಡನೇ ತಿಂಗಳಿಗೆ ಉಳಿದಿದ್ದು ಒಬ್ಬರೇ. "ಇವರಿಗೆ ದುಡಿಯೋ ಮನಸ್ಸಿಲ್ಲ ಮೇಡಂ" ಅಂತ ಸೂಪರ್‌ವೈಸರ್ ಹೇಳಿದಾಗ, ನಾಚಿಕೆಯ ವಿಷಯ, ನಾನೂ ಹೂಂ ಅಂದುಬಿಟ್ಟೆ.

ಬಿಟ್ಟವರಲ್ಲಿ ಆಲೂರು ಕಡೆಯ ಒಬ್ಬಾಕೆ ಇದ್ದರು. ಆಮೇಲೆ ಸಂತೆಯಲ್ಲಿ ಸಿಕ್ಕಾಗ ಯಾಕೆ ಬಿಟ್ಟಿರಿ ಅಂತ ಕೇಳಿದೆ. "ಶನಿವಾರ ದುಡ್ಡು ಬರಲ್ವಲ್ಲ" ಅಂದರು.

ಅಷ್ಟೇ. ತೋಟದಲ್ಲಿ ವಾರಕ್ಕೊಮ್ಮೆ ಬಟವಾಡೆ. ಗಾರೆ ಕೆಲಸದಲ್ಲೂ ಹಾಗೇ. ಫ್ಯಾಕ್ಟರಿಯಲ್ಲಿ ಒಂದನೇ ತಾರೀಖು ಸೇರಿದರೆ ಸಂಬಳ ಮುಂದಿನ ತಿಂಗಳು ಏಳಕ್ಕೆ. ಹೆಚ್ಚು ಕಡಿಮೆ 37 ದಿನ ಕೈಯಲ್ಲಿ ಬಿಡಿಗಾಸಿಲ್ಲ. ಅಕ್ಕಿ ರೇಷನ್ನಿನಲ್ಲಿ ಬರುತ್ತದೆ, ಹೊಟ್ಟೆ ಹೇಗೋ ನಡೆಯುತ್ತದೆ. ನಡೆಯದೇ ಇರೋದು ಸಂಘದ ಕಂತು. ಮೈಕ್ರೋ ಫೈನಾನ್ಸ್ ಸಾಲದ ಕಂತು ಕಟ್ಟಬೇಕಾದದ್ದು ವಾರ ವಾರ, ಸಂಬಳ ಮಾತ್ರ ತಿಂಗಳಿಗೊಂದು. ಆ 37 ದಿನದಲ್ಲಿ ಐದು ಕಂತು ಬಂದು ಹೋಗುತ್ತವೆ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ. ಆದರೆ ಗುಂಪಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ತಲೆ ಮೇಲೆ ಬರುತ್ತದೆ. ಪಕ್ಕದ ಮನೆಯವಳೇ ಬಂದು ಬಾಗಿಲಲ್ಲಿ ಕೂತರೆ ಕಾನೂನು ಏನು ಮಾಡುತ್ತೆ? ಆ ಕಂತಿನ ದಿನಕ್ಕೆ ಹೆದರಿ ಜನ ವಾಪಸ್ ಕೂಲಿಗೆ ಹೋಗುತ್ತಾರೆ. ಸೋಮಾರಿತನ ಅಲ್ಲ, ಲೆಕ್ಕ.

ಹಾಗಾಗಿ ಈಗ ನಮ್ಮಲ್ಲಿ ಒಂದು ಕೈಗಡದ ಡಬ್ಬಿ ಇದೆ. ಪರಿಚಯದವರು, ಸ್ನೇಹಿತರು ಹಾಕಿದ ದುಡ್ಡು. ಹೊಸದಾಗಿ ಸೇರಿದವರಿಗೆ ಮೊದಲ ಸಂಬಳ ಬರುವ ತನಕ ಪ್ರತಿ ಶನಿವಾರ ಕೈಗೆ ಸ್ವಲ್ಪ ಕೊಡುತ್ತೇವೆ, ಶನಿವಾರವೇ, ಅದರಲ್ಲಿ ರಾಜಿ ಇಲ್ಲ. ಬಡ್ಡಿ ಇಲ್ಲ. ಎರಡನೇ ಸಂಬಳದಿಂದ ಮೂರು ಕಂತಿನಲ್ಲಿ ವಾಪಸ್ ಕೊಡಬೇಕು. ಕೆಲವರು ಕೊಟ್ಟಿಲ್ಲ. ಕೇಳುತ್ತೇನೆ, ಆದರೆ ಅವರ ಮನೆ ಬಾಗಿಲಲ್ಲಿ ಹೋಗಿ ಕೂರಲ್ಲ.

ತರಬೇತಿಯನ್ನು ತಲೆಕೆಳಗು ಮಾಡಿದೆವು. ಕೆಲಸ ಮೊದಲು, ಪಾಠ ಆಮೇಲೆ, ಅದೂ ಭಾನುವಾರ ಒಂದು ಗಂಟೆ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗಾಗಿ 1990ರ ದಶಕದಲ್ಲಿ ಅಮೆರಿಕದಲ್ಲಿ ಇದೇ ರೀತಿ ಶುರು ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಮೊದಲು ನಿಜವಾದ ಕೆಲಸಕ್ಕೆ ಹಚ್ಚು, ಬೆನ್ನಿಗೆ ಒಬ್ಬರು ಇರಲಿ. ಸ್ವಂತ ಉದ್ಯೋಗ ಮಾಡುತ್ತೇನೆ ಅನ್ನುವವರ ಮಾತು ಬೇರೆ. ಅವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿಯ ತರಬೇತಿ ನಿಜಕ್ಕೂ ಚೆನ್ನಾಗಿದೆ, ಊಟ ವಸತಿ ಎಲ್ಲಾ ಉಚಿತ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟಿ ಮಾದರಿಯೇ ಅದಕ್ಕೆ ಮೂಲ. ಆದರೆ ಈ ವಾರದ ಕಂತಿಗೇ ದುಡ್ಡಿಲ್ಲದವರು ಹೋಗಿ ಅಲ್ಲಿ ಉಳಿದುಕೊಳ್ಳೋದು ಹೇಗೆ ಹೇಳಿ.

ಕಾಗದಪತ್ರದ ಕತೆ ಬರೆದರೆ ಮುಗಿಯೋದಿಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಹುಟ್ಟಿದ ದಿನ ಎಲ್ಲರದ್ದೂ ಜನವರಿ 1. ಅಲ್ಲಿಗೆ ಪಿಎಫ್ ಖಾತೆಗೆ ಬೇಕಾದ ಗುರುತಿನ ಪರಿಶೀಲನೆ, ಕೆವೈಸಿ, ನಿಂತಿತು. ಇದಾದರೂ ಓಡಾಡಿ ಸರಿ ಮಾಡಿಸಬಹುದು. ಒಬ್ಬಾಕೆಯ ವಿಷಯದಲ್ಲಿ ಮಾತ್ರ ನಾನು ನಿಜಕ್ಕೂ ಬೆಚ್ಚಿದೆ. ಗಂಡನಿಂದ ತಪ್ಪಿಸಿಕೊಂಡು ಬಂದಿದ್ದರು, ಊರು ಕೂಡ ಹೇಳಬೇಡಿ ಅಂದಿದ್ದರು. ಪಿಎಫ್ ಮಾಡಿಸಲು ಕೂತು ಆಧಾರ್ ನಂಬರ್ ಹಾಕಿ ಬಟನ್ ಒತ್ತಿದೆ. ಓಟಿಪಿ ಹೋಗಿದ್ದು ಗಂಡನ ಮೊಬೈಲಿಗೆ. ಹತ್ತು ನಿಮಿಷಕ್ಕೆ ಅವರ ತವರಿಗೆ ಆತನ ಫೋನು, ಎಲ್ಲಿದ್ದಾಳೆ ಅಂತ. ಅವತ್ತಿನಿಂದ ಬೇರೆ ಯಾವ ಕೆಲಸಕ್ಕೂ ಮೊದಲು ಹೊಸ ಸಿಮ್, ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಾವಣೆ, ಹೊಸ ಖಾತೆ. ಆಮೇಲೆ ಉಳಿದದ್ದು. ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಅದರ ಬಗ್ಗೆಯೂ ಕೂರಿಸಿ ಹೇಳುತ್ತೇನೆ. 21,000 ರೂಪಾಯಿ ಒಳಗಿನ ಸಂಬಳದವರಿಗೆ ಹಿಡಿಯೋದು ಶೇಕಡಾ 0.75 ಮಾತ್ರ, ಕಂಪನಿ ಹಾಕೋದು 3.25. ಹೇಳದೇ ಇದ್ದರೆ ಸಂಬಳದ ಚೀಟಿ ನೋಡಿ "ದುಡ್ಡು ಕಿತ್ತುಕೊಂಡರು" ಅಂತ ಕೆಲಸ ಬಿಟ್ಟವರೂ ಇದ್ದಾರೆ.

ಗಂಡಸರಲ್ಲಿ, ಅದರಲ್ಲೂ ಕುಡಿತ ಬಿಟ್ಟವರಲ್ಲಿ, ಅಪಾಯದ ದಿನ ಸಂಬಳದ ಮಾರನೇ ದಿನ. ವೆಲ್ಡಿಂಗ್ ಶಾಪ್‌ನಲ್ಲಿ ತಿಂಗಳು ಪೂರ್ತಿ ಒಂದು ರಜೆ ಹಾಕದೆ ದುಡಿದ ಒಬ್ಬರು ಮೊದಲ ಸಂಬಳ ಬಂದ ಮಾರನೇ ದಿನ ನಾಪತ್ತೆ. ಆರು ದಿನ ಆದ ಮೇಲೆ ಬಂದು ಮುಖ ತಗ್ಗಿಸಿ ನಿಂತರು. ನಾನು ಭಾಷಣ ಶುರು ಮಾಡುವುದರೊಳಗೆ ಅವರೇ ಉಪಾಯ ಹೇಳಿದರು: "ಎಟಿಎಂ ಕಾರ್ಡ್ ಅಕ್ಕನ ಹತ್ರ ಇರಲಿ, ಸಂಬಳದ ದಿನ ಸಂಜೆ ನೀವು ಬಸ್ ಸ್ಟ್ಯಾಂಡಿಗೆ ಬನ್ನಿ, ಟೀ ಕುಡಿಯೋಣ." ಮಾಲೀಕರ ಹತ್ತಿರ ಹೋಗಿ ನಾನೇ ಕೈ ಮುಗಿದೆ, ಇನ್ನೊಂದು ಸಲ ನೋಡಿ ಅಂತ. ಒಪ್ಪಿದರು. ಐದು ತಿಂಗಳು ಸಂಬಳದ ದಿನ ಟೀ ಕುಡಿದೆವು. ಮಾತೇನೂ ಇರುತ್ತಿರಲಿಲ್ಲ, ಸುಮ್ನೆ ಕೂತಿರುತ್ತಿದ್ದೆವು, ಅವರ ಬಸ್ ಬರುವ ತನಕ. ಆರನೇ ತಿಂಗಳು ಫೋನ್ ಮಾಡಿ ಬರಬೇಡಿ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಅವರು ಕೆಲಸಕ್ಕೆ ಹೋಗಿದ್ದರು.

ಬಸ್ಸಿನ ವಿಷಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ದುಡ್ಡಿನ ಮಟ್ಟಿಗೆ ಬಹಳ ಸಲೀಸಾಯಿತು, ಬೇಲೂರು, ಅರಕಲಗೂಡು ಕಡೆಯಿಂದಲೂ ಬರುತ್ತಾರೆ. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ, ಅದು ಬೇರೆ. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆದಾಗಲಂತೂ ಊರೇ ಜಾಮ್. ಆ ದಿನಗಳಲ್ಲಿ ತಡವಾದರೆ ಬೈಯಬೇಡಿ ಅಂತ ಸೂಪರ್‌ವೈಸರ್‌ಗೆ ಮೊದಲೇ ಹೇಳಿಡುತ್ತೇನೆ. ಎಚ್‌ಆರ್‌ಗಿಂತ ಲೈನ್ ಸೂಪರ್‌ವೈಸರ್ ಮುಖ್ಯ, ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಇನ್ನೂ ಬಗೆಹರಿಯದ್ದು ಒಂದಿದೆ. ನವೆಂಬರ್ ಕೊನೆಗೆ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಅದರ ಬೆನ್ನಿಗೇ ರೋಬಸ್ಟಾ. ಹಣ್ಣು ಕೊಯ್ಯಲು ಕೆಜಿ ಲೆಕ್ಕದಲ್ಲಿ ಕೂಲಿ. ಕೈ ಚುರುಕಿದ್ದರೆ ಗಾರ್ಮೆಂಟ್ಸ್ ಸಂಬಳಕ್ಕಿಂತ ಜಾಸ್ತಿಯೇ ಆಗುತ್ತದೆ, ಅದೂ ವಾರ ವಾರ ಕೈಗೆ. ಮೊದಲೆಲ್ಲ "ಪಿಎಫ್ ಹೋಗುತ್ತೆ, ಇಎಸ್‌ಐ ಹೋಗುತ್ತೆ" ಅಂತ ಹೋಗುವವರ ಕಾಲು ಹಿಡಿದು ನಿಲ್ಲಿಸುತ್ತಿದ್ದೆ. ಈಗ ಜೊತೆಯಲ್ಲಿ ಕೂತು ಎರಡೂ ಕಡೆಯ ಲೆಕ್ಕ ಬರೆಯುತ್ತೇವೆ. ಹೋಗೋದು ಬಿಡೋದು ಅವರಿಗೆ ಬಿಟ್ಟದ್ದು. ಈ ಸಲವೂ ಇಬ್ಬರು ಎರಡು ತಿಂಗಳು ರಜೆ ಕೊಡಿಸಿ ಅಂತ ಕೇಳಿದ್ದಾರೆ. ಕೊಡಲ್ಲ ಅಂತ ಗೊತ್ತು. ಆದರೂ ಸೋಮವಾರ ಸೂಪರ್‌ವೈಸರ್‌ನ ಹಿಡಿಯಬೇಕು, ಊಟದ ಬೆಲ್ ಆಗುವುದಕ್ಕೆ ಮುಂಚೆ.