ಶಾಲೆಯ ಮನಶ್ಶಾಸ್ತ್ರಜ್ಞೆಯನ್ನು ಕಾಣುವ ಮೊದಲು

ನನ್ನ ಮಗ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅವನ ಓದಿನ ತೊಡಕಿನ ಬಗ್ಗೆ ಮನಶ್ಶಾಸ್ತ್ರಜ್ಞೆ ಕರೆದಿದ್ದಾರೆಂದು ತಿಳಿದ ದಿನದಿಂದಲೇ ಅವನು ಓದುವುದನ್ನು ನೋಡಿ ಬರೆದಿಡತೊಡಗಿದೆ. ‘ಓದುವುದಿಲ್ಲ’ ಎಂದಲ್ಲ, ‘ಸೋಮವಾರ, ಅರ್ಧ ಪುಟಕ್ಕೆ 20 ನಿಮಿಷ, ಒತ್ತಕ್ಷರ ಬಂದಲ್ಲೆಲ್ಲ ನಿಂತ, ಕೊನೆಗೆ ಅತ್ತ’ ಎಂದು.

ಕನ್ನಡ, ಮಲಯಾಳ, ಇಂಗ್ಲಿಷ್ ಮೂರರ ನೋಟ್‌ಪುಸ್ತಕವನ್ನೂ ಒಯ್ಯಿರಿ. ತೊಡಕು ಒಂದೇ ಭಾಷೆಯಲ್ಲೋ ಎಲ್ಲದರಲ್ಲೋ ಎಂಬುದು ಅವರಿಗೆ ಮುಖ್ಯ. ಕಣ್ಣು, ಕಿವಿ ತೋರಿಸಿದ ಚೀಟಿಯೂ ಇರಲಿ.

ಅವರು ಮಾಡುವ ಪರೀಕ್ಷೆ ಯಾವ ಭಾಷೆಯಲ್ಲಿ ಎಂದು ಕೇಳಲೇಬೇಕು. ನಮ್ಮ ಮನೆಮಾತು ಕನ್ನಡ. ಮಲಯಾಳದಲ್ಲಿ ಕೇಳಿದರೆ ಅಳೆಯುವುದು ಮಗುವಿನ ಮಲಯಾಳವನ್ನು, ಕಲಿಯುವ ಶಕ್ತಿಯನ್ನಲ್ಲ.

ನಿರ್ದಿಷ್ಟ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಂಥ ಕಲಿಕೆಯಲ್ಲಿ ಕಾಣುವ ತೊಡಕು) 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಶಾಲೆಯ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದ ಬಗ್ಗೆ ಕೇಳಲು ಸಂಕೋಚ ಬೇಡ.

ಹಿಂದಿನ ರಾತ್ರಿ ಅವನಿಗೆ ಹೇಳಿದೆ: “ನಿನ್ನ ತಪ್ಪು ಹುಡುಕಲಿಕ್ಕಲ್ಲ ಮಗಾ, ಓದು ಸುಲಭ ಮಾಡಲಿಕ್ಕೆ ಹೋಗುವುದು.”