ಬ್ಯಾಂಡಿನ ಕಡೆಯ ನೆಂಟರನ್ನು ಹುಡುಕಿಕೊಳ್ಳೋದು ಹೇಗೆ

ನಮ್ಮ ಆಲ್ದೂರು ಕಡೆ ಬಸ್ಸಲ್ಲಿ ಪಕ್ಕ ಕೂತವರನ್ನ ಮೊದಲು ಕೇಳೋದು "ಯಾವೂರು?", ಆಮೇಲೆ "ಯಾರ ಮನೆ?" ಅಷ್ಟಕ್ಕೇ ಜಾತಿ ಗೊತ್ತಾಗಿಬಿಡುತ್ತೆ, ಮಾತು ಮುಂದುವರಿಸಬೇಕೋ ಬೇಡವೋ ಅನ್ನೋದೂ ತೀರ್ಮಾನ ಆಗಿರುತ್ತೆ. ಎಸ್ಟೇಟ್ ರೈಟರ್ ಆಗಿ 14 ವರ್ಷ ಹಾಜರಿ ಪುಸ್ತಕ ಬರೆದ ನಾನೂ ಹಾಗೇ ಕೇಳುತ್ತಿದ್ದವನು. ಈಗ ನನಗೆ ನೆಂಟರು ಅಂದರೆ ನನ್ನ ಮೆಚ್ಚಿನ ಬ್ಯಾಂಡನ್ನ ಇಷ್ಟಪಡೋರು, ಕೇಳೋದು ಒಂದೇ: "ರಘು ದೀಕ್ಷಿತ್ ಪ್ರಾಜೆಕ್ಟನ್ನ ನೀವು ಮೊದಲು ಎಲ್ಲಿ ಕೇಳಿದ್ರಿ?" ನಿಮ್ಮ ಬ್ಯಾಂಡ್ ಬೇರೆ ಇರಬಹುದು, ಪ್ರಶ್ನೆ ಇದೇ ಇರಲಿ.

ಯಾರನ್ನ ಕೇಳಬೇಕು ಅನ್ನೋದು ಕಿವಿಗೆ ಬಿಟ್ಟಿದ್ದು. ರಿಂಗ್‌ಟೋನ್, ಆಟೋದೊಳಗಿನ ಸ್ಪೀಕರ್, ಸೊಪ್ಪು ಬಿಡಿಸುತ್ತಾ ಗುನುಗೋರು. ಏನೂ ಸಿಗದಿದ್ದರೆ ನೀವೇ ಗುನುಗಿ. ಒಂದು ಜುಲೈ ಸಂಜೆ ಚಿಕ್ಕಮಗಳೂರಿಂದ ಬಾಳೆಹೊನ್ನೂರಿಗೆ ಹೊರಟ ಬಸ್ಸು ಆಲ್ದೂರಿಗೆ ಮೊದಲೇ ನಿಂತಿತು, ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಕಿಟಕಿ ಮೇಲಿನ ತಗಡಿನ ಸಂದಿಯಿಂದ ಒಂದೊಂದೇ ಹನಿ ನನ್ನ ತೊಡೆ ಮೇಲಿದ್ದ ಬ್ಯಾಗಿನ ಮೇಲೆ ಬೀಳುತ್ತಿತ್ತು. ನನಗೇ ಗೊತ್ತಿಲ್ಲದೆ 'ಸೋರುತಿಹುದು ಮನೆಯ ಮಾಳಿಗಿ' ಗುನುಗಿದೆ, ಬ್ಯಾಂಡ್ ಹಾಡೋ ಧಾಟಿಯಲ್ಲಿ. ಪಕ್ಕದ ಹುಡುಗ ಮುಂದಿನ ಸೀಟಿನ ಕಂಬಿ ಮೇಲೆ ಬೆರಳಲ್ಲಿ ತಾಳ ಹಾಕಿದ. ಅದೇ ಧಾಟಿಯ ತಾಳ! ಮರ ಕಡಿದು ಎಳೆಯೋವರೆಗೂ, ಎರಡು ಗಂಟೆ, ಮಾತು ನಿಲ್ಲಲಿಲ್ಲ. ಹಾಸನದಲ್ಲಿ ಓದುವಾಗ ಹಾಸ್ಟೆಲ್ ಟೆರೇಸಿನಲ್ಲಿ ಯಾರದೋ ಫೋನಿಂದ ಮೊದಲು ಕೇಳಿದ್ದನಂತೆ. ಆ ಪದ ಕಟ್ಟಿದ ಶಿಶುನಾಳ ಶರೀಫರು 1819ರಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗೋವಿಂದ ಭಟ್ಟರ ಶಿಷ್ಯರಾದವರು. ಅವರ ಪದದಿಂದ ಸಿಕ್ಕ ಹುಡುಗನನ್ನ "ಯಾರ ಪೈಕಿ" ಅಂತ ಕೇಳೋಕೆ ನನಗೆ ಬಾಯೇ ಬರಲಿಲ್ಲ.

ಪರೀಕ್ಷೆ ಮಾತ್ರ ಮಾಡಬೇಡಿ. ಬ್ಯಾಂಡ್ ಶುರುವಾಗಿದ್ದು 2005ರಲ್ಲಿ, ಮೊದಲ ಆಲ್ಬಂ 2008ರಲ್ಲಿ ಅಂತ ಹೇಳಬಲ್ಲವರೇ ನಿಜವಾದ ಅಭಿಮಾನಿಗಳು ಅಂತೇನಿಲ್ಲ. ಅದೇ 2008ರ 'ಸೈಕೋ' ಸಿನಿಮಾಕ್ಕೂ ರಘು ದೀಕ್ಷಿತ್ ಅವರದೇ ಸಂಗೀತ. ಆ ಬಾಗಿಲಿಂದ ಒಳಗೆ ಬಂದವರು ನಮ್ಮಲ್ಲಿ ಜಾಸ್ತಿ. ಅವರನ್ನ ಕೀಳಾಗಿ ನೋಡಿದರೆ ಅಲ್ಲಿಗೇ ನೆಂಟಸ್ತಿಕೆ ಮುರಿಯುತ್ತೆ.

ಆಮೇಲೆ ಒಂದು ಸಲ ಮನೆಗೆ ಕರೆಯಿರಿ. ಕಾಫಿ ಕೊಯ್ಲಿನ ಸಮಯದಲ್ಲಿ ಬೇಡ, ಯಾರಿಗೂ ಪುರುಸೊತ್ತಿರಲ್ಲ. ನಾವು ಸೇರೋದು ಕಾಫಿ ಹೂ ಅರಳಿಸೋ ಹೂಮಳೆ ಬಿದ್ದು ವಾರ-ಹತ್ತು ದಿನ ಆದ ಮೇಲೆ, ತೋಟವೆಲ್ಲ ಬೆಳ್ಳಗೆ ಘಮಘಮ ಅನ್ನೋವಾಗ. ಅಕ್ಕಿರೊಟ್ಟಿ, ಕಾಯಿಚಟ್ನಿ ಸಾಕು. ಒಂದು ಆಲ್ಬಂ ಪೂರ್ತಿ ಮಾತಿಲ್ಲದೆ ಕೇಳಿ. ಫೋನುಗಳನ್ನೆಲ್ಲ ಅಕ್ಕಿ ಡಬ್ಬದ ಮೇಲೆ ಇಟ್ಟುಬಿಡಿ. ಯಾವ ಸಾಲಿಗೆ ಯಾರು ಕಣ್ಣು ಮುಚ್ಚಿಕೊಳ್ತಾರೆ ಅಂತ ನೋಡಿ. ಒಂದು ವರ್ಷ ಬಸ್ಸಲ್ಲಿ ಸಿಕ್ಕಿ ಮಾತಾಡಿದರೂ ಗೊತ್ತಾಗದ್ದು ಆ ಒಂದು ಗಂಟೆಯಲ್ಲಿ ಗೊತ್ತಾಗುತ್ತೆ. ಬೆಂಗಳೂರಿಗೋ ಮೈಸೂರಿಗೋ ಕಾರ್ಯಕ್ರಮಕ್ಕೆ ಒಟ್ಟಿಗೆ ಹೋಗೋದಾದರೆ ಡೀಸೆಲ್ ದುಡ್ಡು ಹೊರಡೋ ಮೊದಲೇ ಹಂಚಿಕೊಳ್ಳಿ.

ಫೋನಲ್ಲಿ ನಂಬರ್ ಹಾಕಿಕೊಳ್ಳುವಾಗ ಹೆಸರಿನ ಜೊತೆ ಅವರು ಮೊದಲು ಕೇಳಿದ ಜಾಗವನ್ನೂ ಬರೆಯಿರಿ. ಹೋದ ಡಿಸೆಂಬರಲ್ಲಿ ಅಮ್ಮನನ್ನ ಹಾಸನದ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಹನ್ನೊಂದಕ್ಕೆ ಫೋನಲ್ಲಿ 'ಹಾಸನ' ಅಂತ ಹುಡುಕಿದೆ. 'ಹಾಸನ, ಹಾಸ್ಟೆಲ್ ಟೆರೇಸ್' ಬಂತು. ಓದು ಮುಗಿದ ಮೇಲೂ ಅವನು ಅಲ್ಲೇ ಕೆಲಸದಲ್ಲಿದ್ದ. ಬೆಳಿಗ್ಗೆ ಐದಕ್ಕೆ ಫ್ಲಾಸ್ಕಲ್ಲಿ ಗಂಜಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಿಡೋಕೆ ಮೊದಲು ಸಿಸ್ಟರ್ ಕೇಳಿದರು, "ಪೇಷೆಂಟ್ ನಿಮಗೆ ಏನಾಗಬೇಕು?"

"ಚಿಕ್ಕಮ್ಮ," ಅಂದ.